ದಾನದ ಜಾಗ

ಕಳೆದ ಮಳೆಗಾಲದಲ್ಲಿ ಒಂದು ದಿನ ಅಣ್ಣ ಊರಿನಿಂದ ಫೋನು ಮಾಡಿದ. ಅವನು ಫೋನು ಮಾಡುವುದು ಹಬ್ಬಕ್ಕೆ ಕರೆಯಲು, ಇಲ್ಲವೇ ಯಾರಾದರೂ ತೀರಿಕೊಂಡರೆ. ಈ ಸಲ ಎರಡೂ ಅಲ್ಲ. “ಅಪ್ಪ ಜಾಗ ಕೊಟ್ಟ ಆಸ್ಪತ್ರೇನ ಅಲ್ಲಿಂದ ಎತ್ತುತಾರಂತೆ ಕಣೆ” ಎಂದ. ದನಿಯಲ್ಲಿ ಕೋಪಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

ಆಸ್ಪತ್ರೆ ಎಂದರೆ ದೊಡ್ಡದೇನಲ್ಲ, ಆರೋಗ್ಯ ಉಪಕೇಂದ್ರ. ಎರಡು ಕೋಣೆ, ಮುಂದೊಂದು ಜಗಲಿ, ಹಿಂದುಗಡೆ ನರ್ಸಮ್ಮ ಇರಲೆಂದು ಕಟ್ಟಿದ ಪುಟ್ಟ ಮನೆ. 1988ರಲ್ಲಿ ಅಪ್ಪ ಅದಕ್ಕೆ 5 ಗುಂಟೆ ಬರೆದುಕೊಟ್ಟರು. ಹಿಂದಿನ ವರ್ಷವಷ್ಟೇ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದಿದ್ದ ಕಾಲ. ಜನ ‘ನೀರ್ ಸಾಬ್’ ಎಂದು ಪ್ರೀತಿಯಿಂದ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬರ ಹೆಸರು ಹಳ್ಳಿಹಳ್ಳಿಯಲ್ಲೂ ಓಡಾಡುತ್ತಿತ್ತು. ಸರ್ಕಾರ ಎನ್ನುವುದು ಬೆಂಗಳೂರು ಬಿಟ್ಟು ನಮ್ಮ ಬಾಗಿಲಿಗೂ ಬರುತ್ತದೆ ಎಂದು ಊರವರಿಗೆ ಮೊದಲ ಸಲ ಅನ್ನಿಸಿತ್ತು. ಕಟ್ಟಡದ ಉದ್ಘಾಟನೆಯ ದಿನ ಅಪ್ಪನಿಗೆ ಹಾರ ಹಾಕಿದರು, ಶಾಲೆ ಮಕ್ಕಳಿಗೆಲ್ಲ ಬೂಂದಿ ಹಂಚಿದರು. ಬಾಗಿಲ ಪಕ್ಕದ ಕಲ್ಲಿನಲ್ಲಿ ‘ಸ್ಥಳದಾನಿಗಳು’ ಎಂದು ಅಪ್ಪನ ಹೆಸರಿತ್ತು. ಆಗ ಪಿಯುಸಿ ಓದುತ್ತಿದ್ದ ನಾನು ಆ ಕಲ್ಲನ್ನು ಗೆಳತಿಯರಿಗೆ ತೋರಿಸಿ ಮೆರೆದಿದ್ದೆ.

ಆ 5 ಗುಂಟೆ ಎಲ್ಲಿತ್ತೆಂಬುದನ್ನು ಹೇಳಬೇಕು. ಊರು ದಾಟಿ, ಕೆರೆ ಏರಿಯ ಮೇಲೆ ನಡೆದು, ತೂಬಿನ ಹತ್ತಿರ ಇಳಿದರೆ ನಮ್ಮ ಹೊಲ. ಅದರ ಕೊನೆಯಲ್ಲೊಂದು ಮೂಲೆ. ಕರಲು ನೆಲ, ರಾಗಿ ಚೆಲ್ಲಿದರೂ ಮೊಳೆಯುತ್ತಿರಲಿಲ್ಲ. ಅದರಾಚೆಗೆ ಸುಡುಗಾಡು. ಊರ ನಡುವಿನಿಂದ ಒಂದು ಕಿಲೋಮೀಟರಿಗೂ ಮೇಲೆ, ಊರಿನ ಇನ್ನೊಂದು ತುದಿಯಲ್ಲಿದ್ದ ಕೇರಿಯಿಂದ ಹತ್ತಿರ ಹತ್ತಿರ ಎರಡು.

ಕಾಗದಕ್ಕೆ ಸಹಿ ಹಾಕಿ ಬಂದ ರಾತ್ರಿ ಅಮ್ಮ ಅಪ್ಪನಿಗೆ ಮುದ್ದೆ ಬಡಿಸುತ್ತ, “ಬಸುರಿ ಬಾಣಂತೀರು ಅಲ್ಲೀಗಂಟ ನಡೀಬೇಕಾ?” ಎಂದು ಕೇಳಿದ್ದಳು. “ಗೌರ್ಮೆಂಟಿನೋರೇ ಒಪ್ಪವ್ರೆ, ನಿಂದೇನು?” ಎಂದರು ಅಪ್ಪ. ಅಮ್ಮ ಸಾರು ಬಡಿಸಿ ಸುಮ್ಮನಾದಳು. ಉಪಕೇಂದ್ರಗಳು ಹೇಗಿರಬೇಕೆಂದು ಕೇಂದ್ರ ಸರ್ಕಾರ 2012ರಲ್ಲಿ ಪರಿಷ್ಕರಿಸಿದ ಮಾನದಂಡಗಳಲ್ಲಿ, ಕಟ್ಟಡ ಊರೊಳಗೇ ಇರಬೇಕು, ಜನಕ್ಕೆ ಸುಲಭವಾಗಬೇಕು, ನರ್ಸಿನ ಸುರಕ್ಷತೆ ನೋಡಬೇಕು, ಸಾಧ್ಯವಾದಮಟ್ಟಿಗೆ ಯಾರೂ 3 ಕಿಲೋಮೀಟರಿಗಿಂತ ಹೆಚ್ಚು ದೂರ ಬರಬೇಕಾಗಬಾರದು ಎಂಬ ಮಾತುಗಳಿವೆ. ಈಚೆಗೆ ಅವನ್ನು ಓದಿದಾಗ ನನಗೆ ಅಮ್ಮನ ನೆನಪಾಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅದನ್ನೇ ಒಂದು ವಾಕ್ಯದಲ್ಲಿ ಕೇಳಿದ್ದಳು. ಅಳತೆಗೆ ಹಿಡಿದರೆ ನಮ್ಮದು ಆ 3 ಕಿಲೋಮೀಟರಿನೊಳಗೇ ಇತ್ತು ಅನ್ನಿ!

ಆಮೇಲೆ ಆದದ್ದು ಇಷ್ಟು. ಬಂದ ನರ್ಸಮ್ಮ ಒಂಟಿ ಹೆಂಗಸು. ರಾತ್ರಿ ಕರೆಂಟಿಲ್ಲ, ಹಾವಿನ ಕಾಟ, ಏರಿ ಮೇಲೆ ಕುಡುಕರು. ತಿಂಗಳೊಳಗೆ ಅವರು ತಾಲ್ಲೂಕು ಕೇಂದ್ರದಲ್ಲಿ ಮನೆ ಹಿಡಿದು ಬಸ್ಸಿನಲ್ಲಿ ಓಡಾಡತೊಡಗಿದರು. ಅವರನ್ನು ಊರವರು ಬೈದುಕೊಂಡರು, ನಾನೂ ಬೈದಿದ್ದೇನೆ. ಬಸ್ಸಿಳಿದು ಅಷ್ಟು ದೂರ ಹೋಗುವ ಬದಲು ಅವರು ಬಸ್‌ಸ್ಟಾಪಿನ ಎದುರಿಗಿದ್ದ ಗುಡಿಯ ಜಗಲಿಯ ಮೇಲೆಯೇ ಪೆಟ್ಟಿಗೆ ಇಟ್ಟುಕೊಂಡು ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ನಮಗೆಲ್ಲ ಅನುಕೂಲವೇ ಆಯಿತು. ಕೆರೆಯಾಚೆಯ ಕಟ್ಟಡದಲ್ಲಿ ಯಾರದೋ ಗೊಬ್ಬರದ ಮೂಟೆಗಳು ಸೇರಿಕೊಂಡವು.

ಒಂದು ಮಧ್ಯಾಹ್ನ ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಕೇರಿಯ ಹೆಂಗಸು ಭೇದಿಯಿಂದ ಬಳಲಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಹಿತ್ತಿಲಿಗೆ ಬಂದಳು. ಮಗುವಿನ ಕಣ್ಣು ಒಳಕ್ಕೆ ಹೋಗಿತ್ತು. ಅಮ್ಮ ಗಾಬರಿಯಿಂದ ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚ ಚಮಚವಾಗಿ ಕುಡಿಸುತ್ತ, “ನರ್ಸಮ್ಮನ ತಾವ ಹೋಗಬಾರ್ದಿತ್ತಾ?” ಎಂದಳು. “ಆಸ್ಪತ್ರೆಗೋದೆ ಕಣವ್ವ, ಬೀಗ. ಗುಡಿ ತಾವ ಅವ್ರೆ ಅಂದ್ರು. ಗುಡಿ ಜಗಲಿ ನಾವೆಂಗತ್ತದು?” ಎಂದಳು ಅವಳು. ದೂರುವ ದನಿಯಲ್ಲಲ್ಲ, ಮಳೆ ಬರಲಿಲ್ಲ ಎಂದು ಹೇಳುವಷ್ಟು ಸಹಜವಾಗಿ. ಮಗು ಉಳಿಯಿತು. ಆ ಮಾತೂ ನನ್ನೊಳಗೆ ಉಳಿಯಿತು.

ಆ ಹೆಂಗಸನ್ನು ಹೊರಗಿಡಬೇಕೆಂದು ಅಪ್ಪ ಎಣಿಸಿರಲಿಲ್ಲ, ನರ್ಸಮ್ಮನೂ ಎಣಿಸಿರಲಿಲ್ಲ. ಜಾಗ ಒಪ್ಪಿಕೊಂಡ ಅಧಿಕಾರಿಯಂತೂ ಕೇರಿ ಯಾವ ಕಡೆಗಿದೆ ಎಂದೇ ನೋಡಿರಲಾರರು. ಹಾಗಾದರೆ ತಪ್ಪು ಯಾರದು? ಎಷ್ಟೋ ವರ್ಷ ನಾನು ಇದನ್ನು ಯಾರದೂ ಅಲ್ಲದ ತಪ್ಪು ಎಂದು ಬಗೆದಿದ್ದೆ. ಈಗ ಹಾಗನ್ನಿಸುವುದಿಲ್ಲ.

ಕಠೋಪನಿಷತ್ತಿನ ನಚಿಕೇತನ ಕಥೆ ನಿಮಗೆಲ್ಲ ಗೊತ್ತು. ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಕಾದ ಹುಡುಗ, ಮೂರು ವರ ಪಡೆದವನು. ಆದರೆ ಕಥೆ ಶುರುವಾಗುವುದು ಯಮನ ಮನೆಯಲ್ಲಲ್ಲ, ಅಪ್ಪನ ಯಜ್ಞದಲ್ಲಿ. ಸರ್ವಸ್ವವನ್ನೂ ಕೊಡುತ್ತೇನೆಂದು ಹೊರಟ ತಂದೆ ದಾನಕ್ಕೆ ನಿಲ್ಲಿಸಿದ್ದು ಮುದಿ ಹಸುಗಳನ್ನು. ಇನ್ನು ಹುಲ್ಲು ಮೇಯಲಾರದ, ನೀರು ಕುಡಿಯಲಾರದ, ಕರೆಯಲು ಹಾಲೂ ಇಲ್ಲದ ಹಸುಗಳು. ಹುಡುಗನಿಗೆ ತಡೆಯಲಾಗಲಿಲ್ಲ. ನನ್ನನ್ನು ಯಾರಿಗೆ ಕೊಡುತ್ತೀಯ ಎಂದು ಮತ್ತೆ ಮತ್ತೆ ಕೇಳಿ ಅಪ್ಪನನ್ನು ರೇಗಿಸಿದ. ನಮ್ಮ ಕರಲು ಮೂಲೆಯೂ ಅಂಥದೇ ಒಂದು ಹಸು. ಕೇಳುವ ಧೈರ್ಯ ನನಗಿರಲಿಲ್ಲ, ಬೂಂದಿ ತಿಂದು ಕೈ ಒರೆಸಿಕೊಂಡೆ.

ಇದನ್ನು ಅಣ್ಣನಿಗೆ ಹೇಳಿದಾಗ ಅವನು ಸಿಟ್ಟಾದ. “ಅಪ್ಪ ಅದನ್ನೂ ಕೊಡದಿದ್ರೆ ಆಸ್ಪತ್ರೆ ಪಕ್ಕದೂರಿಗೆ ಹೋಗ್ತಿತ್ತು. ಊರಲ್ಲಿ ಬೇರೆ ಯಾರು ಕೊಟ್ರು ಹೇಳು?” ಎಂದ. ಅವನ ಮಾತಿನಲ್ಲಿ ಸತ್ಯವಿದೆ. ಪುಕ್ಕಟೆ ಜಾಗ ತೋರಿಸಿದ ಊರಿಗೆ ಕಟ್ಟಡ ಎನ್ನುವುದು ಆಗಿನ ರೂಢಿ. ಜಾಗಕ್ಕೆ ಕಾಸು ಕೊಡುವ ಮಾತೇ ಇರಲಿಲ್ಲ. ಕೊಟ್ಟವರನ್ನೇ ಹೀಗೆ ತೂಗಿ ನೋಡಿದರೆ ನಾಳೆ ಯಾರೂ ಕೊಡುವುದಿಲ್ಲ ಎಂಬುದೂ ನಿಜವೇ. ಆದರೆ ಆ ಜಾಗ ಯಾರಿಗೆ ಪುಕ್ಕಟೆಯಾಯಿತು? ಸರ್ಕಾರ ಉಳಿಸಿದ ಹಣವನ್ನು ಏರಿಯ ಮೇಲೆ ನಡೆದ ಹೆಂಗಸರು ಕಾಲಿನಿಂದ ತೀರಿಸಿದರು.

ಸರ್ಕಾರದ ಬಳಿ ಲೆಕ್ಕಗಳಿಲ್ಲವೆಂದಲ್ಲ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಮತ್ತು 20,000. ಅಂಗನವಾಡಿಗೆ 400ರಿಂದ 800 ಜನ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲಿನ ಊರಿಗೆ ಡಾಂಬರು ಬರಬೇಕಾದರೆ 500 ತಲೆಗಳಿರಬೇಕಿತ್ತು. ಈ ಲೆಕ್ಕಗಳನ್ನು ಹೀಗಳೆಯುವವರನ್ನು ಕಂಡರೆ ನನಗಾಗದು. ಲೆಕ್ಕವೇ ಇಲ್ಲದಿದ್ದರೆ ಎಲ್ಲವೂ ಮಂತ್ರಿಗಳ ಊರಿಗೆ ಹೋಗುತ್ತಿತ್ತು. ಎಷ್ಟು ಬೇಕು ಎಂಬುದನ್ನು ಲೆಕ್ಕ ಹೇಳುತ್ತದೆ. ಎಲ್ಲಿ ಎಂಬುದಕ್ಕೆ ಮಾತ್ರ ಅದು ಜಾಗ ಕೊಡುವವನ ಮುಖ ನೋಡುತ್ತದೆ.

ಪಟ್ಟಣದಲ್ಲಿರುವ ನಮಗೆ ಇದು ವಿಚಿತ್ರವೆನಿಸಬೇಕು. ನಮ್ಮ ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಉದ್ಯಾನಕ್ಕಿಷ್ಟು, ನಾಗರಿಕ ಸೌಲಭ್ಯಕ್ಕಿಷ್ಟು ಎಂದು ನಕ್ಷೆಯಲ್ಲಿ ಬಿಡಿಸಿಡುತ್ತಾರೆ. ಆ ಸಿ.ಎ. ನಿವೇಶನದಲ್ಲಿ ಕಲ್ಯಾಣಮಂಟಪ ಎದ್ದರೆ ಮಹಿಳಾ ಮಂಡಲದವರೆಲ್ಲ ಸೇರಿ ಅರ್ಜಿ ಹಾಕುತ್ತೇವೆ. ನಮ್ಮ ಹಳ್ಳಿಗೆ ಅಂಥ ನಕ್ಷೆಯನ್ನು ಯಾರೂ ಬರೆದಿರಲಿಲ್ಲ. ಗ್ರಾಮಠಾಣ ತುಂಬಿ ಮನೆಗಳು ಹೊಲಕ್ಕೆ ಇಳಿದವು. ಗೋಮಾಳ ಒತ್ತುವರಿಯಾಗಿ, ಕೆಲವು ಸಕ್ರಮವೂ ಆಗಿ ಕರಗಿತು. ಸರ್ಕಾರಕ್ಕೆ ಕಟ್ಟಡ ಕಟ್ಟುವ ಮನಸ್ಸು ಬಂದಾಗ ಎಲ್ಲರಿಗೂ ಸೇರಿದ ಒಂದು ತುಂಡು ನೆಲ ಊರ ನಡುವೆ ಉಳಿದಿರಲೇ ಇಲ್ಲ.

‘ಊರವರೇ ತೀರ್ಮಾನಿಸಲಿ’ ಎನ್ನುವುದು ಈಗಿನ ಮಾತು. ಒಳ್ಳೆಯ ಮಾತೇ. 1993ರ ಪಂಚಾಯತ್ ರಾಜ್ ಕಾಯಿದೆ ಗ್ರಾಮಸಭೆಗೆ ಆ ದಾರಿ ತೆರೆಯಿತು, 2010ರ ಚುನಾವಣೆಯಿಂದ ಪಂಚಾಯಿತಿಯ ಅರ್ಧ ಸ್ಥಾನಗಳು ನಮ್ಮವು. ಆದರೂ ಊರು ಎಂದರೆ ಯಾರು ಎಂಬ ಪ್ರಶ್ನೆ ಹಾಗೆಯೇ ಇದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಘಟಕವಾಗಿ ಹಿಡಿದುದಕ್ಕೆ ಸಂತೋಷಪಟ್ಟಿದ್ದರು; ಹಳ್ಳಿಯನ್ನು ಹೊಗಳುವವರಿಗೆ ಕಟುವಾಗಿಯೇ ಉತ್ತರಿಸಿದ್ದರು. ಓದುವಾಗ ನನಗದು ಹಳ್ಳಿಯ ಮೇಲಿನ ಮುನಿಸಿನಂತೆ ಕಂಡಿತ್ತು. ಗುಡಿ ಜಗಲಿಯ ಮಾತು ನೆನಪಾದ ಮೇಲೆ ಬೇರೆಯೇ ಅರ್ಥ ಹೊಳೆಯಿತು.

ಅಣ್ಣನ ಜೊತೆ ನಾನೂ ಆ ಗ್ರಾಮಸಭೆಗೆ ಹೋದೆ. ಶಾಲೆಯ ಅಂಗಳದಲ್ಲಿ ಪೆಂಡಾಲು. ಮುಂದೆ ಕುರ್ಚಿಗಳಲ್ಲಿ ಗಂಡಸರು, ಸದಸ್ಯೆಯ ಪರವಾಗಿ ಮಾತಾಡುವ ಅವರ ಯಜಮಾನರು. ಹಿಂದೆ ಜಮಖಾನದ ಮೇಲೆ ಹೆಂಗಸರು. ಹಳೆಯ ಜಾಗವೇ ಇರಲಿ, ದಾನಿಗಳ ಮನಸ್ಸು ನೋಯಿಸಬಾರದು ಎಂದು ಒಬ್ಬರು ಅಪ್ಪನ ಗುಣಗಾನ ಮಾಡಿದರು. ಅಣ್ಣನ ಮುಖ ಅರಳಿತು. ಆಗ ಹಿಂದಿನಿಂದ ಆಶಾ ಕಾರ್ಯಕರ್ತೆಯೊಬ್ಬಳು ಎದ್ದಳು, ಕೇರಿಯ ಹುಡುಗಿ. “ಬೋರ್ಡಿನ ಹೆಸರು ಎರಡು ಸಲ ಬದಲಾಯ್ತು ಸಾರ್. ಉಪಕೇಂದ್ರ ಅಂತಿದ್ದದ್ದು ಕ್ಷೇಮ ಕೇಂದ್ರ ಆಯ್ತು, ಈಗ ಆಯುಷ್ಮಾನ್ ಆರೋಗ್ಯ ಮಂದಿರ. ದಾರಿ ಮಾತ್ರ ಅದೇ ಐತೆ. ಶಾಲೆ ಪಕ್ಕ ಕೇರಿ ದಾರೀನೂ ಊರ ದಾರೀನೂ ಸೇರ್ತವಲ್ಲ, ಅಲ್ಲಿ ಕಟ್ಟಿ” ಎಂದಳು.

ಅಲ್ಲಿರುವುದು ನಮ್ಮ ತೆಂಗಿನ ತೋಟ. ಸಭೆ ನಮ್ಮ ಕಡೆ ತಿರುಗಿತು.

ಮನೆಗೆ ಬಂದ ಮೇಲೆ ನಾನು ಬಹಳ ಉದಾರವಾಗಿ ಮಾತಾಡಿದೆ. ಕೊಟ್ಟುಬಿಡೋಣ ಎಂದೆ. ಜಮೀನು ಇನ್ನೂ ಭಾಗವಾಗಿಲ್ಲ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ನನ್ನ ಸಹಿಯೂ ಬೇಕು, ನಾನು ಹಾಕಲು ಸಿದ್ಧ ಎಂದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, “ನೀನು ತಿಂಗಳಿಗೆ ಎಷ್ಟು ಕಾಯಿ ಮಾರ್ತೀಯ?” ಎಂದು ಕೇಳಿದ.

ನನಗೆ ಉತ್ತರ ಹೊಳೆಯಲಿಲ್ಲ. ಆ ತೋಟದಿಂದ ನನಗೆ ಬರುವುದು ಯುಗಾದಿಗೊಂದು ಚೀಲ ಕಾಯಿ. ಅವನಿಗೆ ಅದು ಮಕ್ಕಳ ಫೀಸು. ಅಪ್ಪ ಬೆಳೆಯದ ಮೂಲೆಯನ್ನು ಕೊಟ್ಟರೆಂದು ಅಷ್ಟೆಲ್ಲ ಎಣಿಸಿದವಳು, ನನ್ನ ಪಾಲಿಗೆ ಏನೂ ಬೆಳೆಯದ ನೆಲವನ್ನೇ ಕೊಡಲು ಹೊರಟಿದ್ದೆ! ಕಲ್ಲಿನ ಮೇಲೆ ನನ್ನ ಹೆಸರೂ ಬರುತ್ತಿತ್ತೇನೋ.

ರಾತ್ರಿ ಅತ್ತಿಗೆ ಪಾತ್ರೆ ತೊಳೆಯುತ್ತ ತಗ್ಗಿದ ದನಿಯಲ್ಲಿ, “ಬಿ.ಪಿ. ಮಾತ್ರೆಗೆ ನಾನೂ ಆ ಏರಿ ಮ್ಯಾಲೇ ಹೋಗಬೇಕು. ಮಂಡಿ ನೋವು ಅಂತ ಎರಡು ತಿಂಗಳಿಂದ ಹೋಗಿಲ್ಲ. ನಿಮ್ಮಣ್ಣಂಗೆ ಹೇಳಬೇಡ” ಎಂದರು. ನಾನು ಹೇಳಲಿಲ್ಲ. ಅವರೇ ಹೇಳಿರಬೇಕು.

ಬೆಳಿಗ್ಗೆ ಎದ್ದಾಗ ಅಣ್ಣ ತೋಟದಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದ. ದಾರಿಯ ಕಡೆಯಿಂದ 5 ಗುಂಟೆ ಹಿಡಿದರೆ ಎಂಟು ಮರ ಹೋಗುತ್ತವೆ ಎಂದ. ಮೇಲಿನ ಬದುವಿನಿಂದ ಉದ್ದಕ್ಕೆ ಹಿಡಿದರೆ ಆರೇ. ಪಂಚಾಯಿತಿಯವರು ಪುಕ್ಕಟೆ ಕೇಳದೆ ಮರಕ್ಕಾದರೂ ಬೆಲೆ ಕಟ್ಟಲಿ ಎಂದು ನಾನೆಂದೆ. ನನ್ನ ಪಾಲಿಗೆ ಬರುವುದನ್ನು ಅವನೇ ಇಟ್ಟುಕೊಳ್ಳಲಿ ಎಂದೂ ಸೇರಿಸಿದೆ. ಅವನು ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇದ್ದಲಿನಿಂದ ಆರು ಮರಗಳಿಗೆ ಗುರುತು ಹಾಕಿ, ಏಳನೆಯದರ ಬುಡದಲ್ಲಿ ಸ್ವಲ್ಪ ಹೊತ್ತು ನಿಂತ. ಕಾಗದಕ್ಕೆ ನಾವಿಬ್ಬರೂ ಇನ್ನೂ ಸಹಿ ಹಾಕಿಲ್ಲ.