ನೆರೆಯವರ ನಡುವೆ ಒಂದು ಜೀವಕೋಶ

ಗಂಗೆಯ ಬಯಲಿನ ತೊರೆಗಳಲ್ಲಿ ವಾಸಿಸುವ ಜೀಬ್ರಾಮೀನಿನ ಭ್ರೂಣ ಪಾರದರ್ಶಕವಾದುದು. ಫಲೀಕರಣವಾಗಿ 4 ಗಂಟೆ ಕಳೆದ ಮೇಲೆ, ಆಹಾರದ ಉಂಡೆಯ ಮೇಲೆ ಟೋಪಿಯಂತೆ ಕುಳಿತ ಜೀವಕೋಶಗಳು ಕೆಳಗೆ ಹರಡತೊಡಗಿ, 10ನೆಯ ಗಂಟೆಯ ಹೊತ್ತಿಗೆ ಅದನ್ನು ಪೂರ್ತಿ ಆವರಿಸುತ್ತವೆ. ಅಷ್ಟರಲ್ಲೇ ಹಲವು ಕೋಶಗಳು ಅಂಚಿನಿಂದ ಒಳಸರಿದು, ಬೆನ್ನಿನ ಕಡೆಗೆ ಒತ್ತಾಗಿ ಸೇರಿ, ದೇಹವನ್ನು ತಲೆಯಿಂದ ಬಾಲದತ್ತ ನೀಳವಾಗಿಸುತ್ತವೆ. ಈ ಚಲನೆಯ ಆರಂಭದಲ್ಲಿ ಕೋಶವೊಂದನ್ನು ಬೇರೆಡೆಗೆ ಕಸಿ ಮಾಡಿದರೆ ಅದು ಹೊಸ ನೆರೆಯವರಂತೆಯೇ ಆಗಬಲ್ಲದು; ತಡವಾದರೆ ಹಳೆಯ ದಾರಿಯನ್ನೇ ಹಿಡಿಯುತ್ತದೆ.

‘ಅವನ ಹುಟ್ಟುಗುಣವೇ ಹಾಗೆ’ ಎಂದು ಮಗುವಿನ ಮೇಲೆ ತೀರ್ಪು ಕೊಟ್ಟು ಕೈತೊಳೆದುಕೊಳ್ಳುವ ಹಿರಿಯರಿದ್ದಾರೆ. ನೆರೆಯವರಾಗಿ ತಾವೇನು ಮಾಡಿದೆವೆಂದು ಅವರು ಕೇಳಿಕೊಳ್ಳುವುದಿಲ್ಲ. ಕೋಶಕ್ಕೆ ಮನಸ್ಸಿಲ್ಲ, ಮಗುವಿಗಿದೆ. ಹೋಲಿಕೆಯನ್ನು ಬಹಳ ಎಳೆಯಲಾಗದು, ನಿಜ. ಮೀನಿನ ಕೋಶಕ್ಕೆ ‘ತಡ’ವೆಂಬುದು ಕೆಲವೇ ಗಂಟೆಗಳ ಮಾತು. ಮನುಷ್ಯನಿಗೆ ಅದು ಯಾವಾಗ ಬರುತ್ತದೆಂದು ಹೇಳಲು ನಾನಂತೂ ಸಿದ್ಧನಿಲ್ಲ.