ನಮ್ಮ ಮಾತಿನ ಮನೆ ಯಾರದು?

ಒಂದು ಭಾನುವಾರ, ಹಿಂಜೇವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಅಣ್ಣನ ಮಗ ಕೋಥ್ರೂಡಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಊಟವಾದ ಮೇಲೆ ನನ್ನ ಫೋನು ಇಸಿದುಕೊಂಡು, "ಕಾಕಾ, ನಿಮಗೊಂದು ಮಾಸ್ಟೊಡಾನ್ ಖಾತೆ ತೆಗೆದು ಕೊಡ್ತೀನಿ. ಆದ್ರ ಯಾವ ಬ್ರಾಂಚಿನ್ಯಾಗ ತೆಗೀಲಿ, ಅದನ್ನ ನೀವ ಹೇಳ್ರಿ" ಎಂದ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನಿಗೆ ಇಂಥ ಪ್ರಶ್ನೆ ಕೇಳಿದರೆ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ಅವನು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಫೇಸ್‌ಬುಕ್ ಎಂದರೆ ಒಂದೇ ಕಂಪನಿಯ ಒಂದೇ ದೊಡ್ಡ ಮನೆ. ಈಗ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರ್ ಕೂಡ ಹಾಗೆಯೇ. ಮಾಸ್ಟೊಡಾನ್ ಹಾಗಲ್ಲ. ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣ 2016ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ತಮ್ಮದೇ ಸರ್ವರ್ ನಡೆಸಬಹುದು. ಅಂಥವು ಸಾವಿರಾರು ಇವೆ. ಒಂದೊಂದಕ್ಕೂ ಬೇರೆ ಯಜಮಾನ, ಬೇರೆ ನಿಯಮ. ಆದರೂ ಒಂದರಲ್ಲಿ ಖಾತೆ ಇದ್ದವನು ಇನ್ನೊಂದರಲ್ಲಿ ಇರುವವನ ಬರಹ ಓದಬಹುದು, ಉತ್ತರ ಕೊಡಬಹುದು. ವಿಳಾಸದಲ್ಲಿ ಮೊದಲು ನಮ್ಮ ಹೆಸರು, ಆಮೇಲೆ ಸರ್ವರಿನ ಹೆಸರು, ಇ-ಮೇಲ್‌ನಲ್ಲಿ ಇದ್ದ ಹಾಗೆ.

"ಹಂಗಾದ್ರ ಇವು ಬ್ರಾಂಚ್ ಅಲ್ಲೋ ತಮ್ಮಾ, ಬ್ಯಾರೆ ಬ್ಯಾರೆ ಬ್ಯಾಂಕು" ಎಂದೆ. ನಮ್ಮ ಕಾಲದಲ್ಲಿ ದಿನಾ ಚೆಕ್ಕುಗಳ ಕಟ್ಟು ಕ್ಲಿಯರಿಂಗ್ ಹೌಸಿಗೆ ಹೋಗುತ್ತಿತ್ತು. ಆ ಬ್ಯಾಂಕಿನ ಚೆಕ್ಕು ಈ ಬ್ಯಾಂಕಿನಲ್ಲಿ ಜಮೆಯಾಗುತ್ತಿತ್ತು. ಅದಕ್ಕಾಗಿ ಎಲ್ಲ ಬ್ಯಾಂಕುಗಳೂ ಒಂದಾಗಬೇಕಿರಲಿಲ್ಲ, ಒಂದು ನಿಯಮಕ್ಕೆ ಎಲ್ಲರೂ ಒಪ್ಪಿದ್ದರೆ ಸಾಕಿತ್ತು. ಇಲ್ಲಿ ಹೌಸೂ ಇಲ್ಲ, ನಿಯಮ ಮಾತ್ರ ಇದೆ. ಅದರ ಹೆಸರು ಆಕ್ಟಿವಿಟಿಪಬ್. ಯಾವುದಾದರೂ ಸರ್ವರಿನ ನಡತೆ ಸರಿ ಇಲ್ಲವೆಂದು ಕಂಡರೆ ಉಳಿದವು ಅದರ ಚೆಕ್ಕು ತಗೊಳ್ಳುವುದಿಲ್ಲ. 2019ರಲ್ಲಿ ಅಮೆರಿಕದ ಗ್ಯಾಬ್ ಎಂಬ ತಾಣ ಇದೇ ತಂತ್ರಾಂಶ ಹಾಕಿಕೊಂಡು ಬಂದಾಗ, ಅಲ್ಲಿನ ದ್ವೇಷದ ಮಾತು ನಮಗೆ ಬೇಡವೆಂದು ಅನೇಕ ಸರ್ವರುಗಳು ಬಾಗಿಲು ಹಾಕಿಕೊಂಡವು.

ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಯಾಕೆ ಬೇಕು ಎಂದು ಓದುಗರು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಅದಕ್ಕೆ ಕಾರಣ ಒಬ್ಬ ಗೆಳೆಯ. ಧಾರವಾಡದಲ್ಲಿ ಎಂ.ಕಾಂ. ಓದುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ನಾನು ವರ್ಗಾವಣೆಯಾಗಿ ಪುಣೆಗೆ ಬಂದು ಇಲ್ಲಿಯವನೇ ಆದೆ, ಅವನು ಊರು ಬಿಡಲಿಲ್ಲ. ಒಂದು ತಾಣದಲ್ಲಿ (ಅದರ ಹೆಸರು ಇಲ್ಲಿ ಬೇಡ) ನಾವು ವರ್ಷಗಟ್ಟಲೆ ದಿನಾ ಎರಡು ಸಾಲು ಬರೆದುಕೊಳ್ಳುತ್ತಿದ್ದೆವು. ಅಲ್ಲಿ ಮಳೆ ಬಂತೇ, ಅವರೆಕಾಯಿ ಬಂತೇ, ಯಾರು ತೀರಿಕೊಂಡರು ಎಂಬ ಮಾತು. ಒಂದು ದಿನ ಅವನೇ ತೀರಿಕೊಂಡ. ಕೆಲವು ಕಾಲದ ಮೇಲೆ ಆ ತಾಣವೂ ಮುಚ್ಚಿತು. ನಿಮ್ಮ ಬರಹಗಳನ್ನು ಇಳಿಸಿಕೊಳ್ಳಿ ಎಂದು ಮುಂಚೆಯೇ ನೋಟೀಸು ಕೊಟ್ಟಿದ್ದರು. ನಾಳೆ ನೋಡಿದರಾಯಿತು ಎಂದು ನಾನೇ ಬಿಟ್ಟೆ. ಪಾಸ್‌ಬುಕ್ ಬರೆಸಿಕೊಳ್ಳಿ, ನಾಮಿನಿ ಹಾಕಿ ಎಂದು ಸಾವಿರಾರು ಗಿರಾಕಿಗಳಿಗೆ ಬುದ್ಧಿ ಹೇಳಿದವನು ಗೆಳೆಯನ ಮಾತನ್ನು ರಸೀದಿಯಿಲ್ಲದೆ ಕಂಡವರ ಕೈಗೆ ಕೊಟ್ಟು ಕೂತಿದ್ದೆ.

ಇಂಥ ಬಾಗಿಲು ಮುಚ್ಚುವುದು ಹೊಸದಲ್ಲ. ಆರ್ಕುಟ್ 2014ರಲ್ಲಿ ನಿಂತಿತು, ಗೂಗಲ್ ಪ್ಲಸ್ 2019ರಲ್ಲಿ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, 2020ರಲ್ಲಿ ಮೊದಲಿಗೆ ಕನ್ನಡದಲ್ಲೇ ಬಂದ ಕೂ 2024ರ ಜುಲೈಯಲ್ಲಿ ಮುಚ್ಚಿತು. ನಡೆಸುವವರಿಗೆ ನಷ್ಟವಾದರೆ ಅಂಗಡಿ ಮುಚ್ಚುವುದು ತಪ್ಪಲ್ಲ. ಆದರೆ ನಮ್ಮ ಮಾತನ್ನು ಎಲ್ಲಿ ಇಡಬೇಕು ಎನ್ನುವ ಪ್ರಶ್ನೆ ನಮ್ಮದೇ, ಅವರದಲ್ಲ.

ಹಾಗಾದರೆ ದೊಡ್ಡ ಮನೆ ಬಿಟ್ಟು ಹೊರಡಬೇಕೇ? ಇಲ್ಲಿ ತೊಡಕಿದೆ. ನಮ್ಮವರೆಲ್ಲ ಇರುವುದು ಅಲ್ಲೇ. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ನಮ್ಮ ದೇಶದ ಎಷ್ಟೋ ಜನ ಸಿಟ್ಟಿನಿಂದ ಮಾಸ್ಟೊಡಾನಿಗೆ ಬಂದರು. ಸಿಟ್ಟು ಇಳಿದ ಮೇಲೆ ಬಹಳ ಮಂದಿ ಹಿಂದಿರುಗಿದರು. ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬಾರದು. ಸ್ವಾತಂತ್ರ್ಯ ಇದೆ, ಮಾತಾಡಲು ಮಂದಿ ಇಲ್ಲ ಎಂದರೆ ಏನೆಂಬುದು ಪರಸ್ಥಳದಲ್ಲಿ ಮೊದಲ ವರ್ಷ ಕಳೆದವರಿಗೆ ಗೊತ್ತು. ಮುಂಬಯಿಯ ಮೈಸೂರು ಅಸೋಸಿಯೇಶನ್ 1926ರಷ್ಟು ಹಿಂದೆಯೇ ಹುಟ್ಟಿದ್ದು ಅದಕ್ಕೇ ಇರಬೇಕು. ಪುಣೆಯಲ್ಲಿ ನಮ್ಮ ಕನ್ನಡ ಸಂಘವಿದೆ. ಒಂದೊಂದು ಊರಿನ ಸಂಘಕ್ಕೂ ತನ್ನದೇ ಕಮಿಟಿ, ತನ್ನದೇ ಜಗಳ. ಆದರೂ ನಾಟಕಕ್ಕೆ, ಭಾಷಣಕ್ಕೆ ಇವರು ಅವರನ್ನು ಕರೆಯುತ್ತಾರೆ, ಅವರು ಬರುತ್ತಾರೆ. ನೋಡಿದರೆ ಹೊರನಾಡ ಕನ್ನಡಿಗರು ಮೊದಲಿಂದಲೂ ಬದುಕಿದ್ದು ಮಾಸ್ಟೊಡಾನಿನ ರೀತಿಯಲ್ಲೇ.

ಹಾಗೆಂದು ಸಣ್ಣ ಸರ್ವರು ಸ್ವರ್ಗವೇನಲ್ಲ. ಅದೂ ಯಾರದೋ ಮನೆಯೇ. ಯಾರೋ ಒಬ್ಬರು ತಮ್ಮ ಕಿಸೆಯಿಂದ, ಇಲ್ಲವೇ ಚಂದಾ ಎತ್ತಿ ಅದನ್ನು ನಡೆಸುತ್ತಿರುತ್ತಾರೆ. ಬೇಸರವಾದರೆ ಅವರೂ ಮುಚ್ಚಬಹುದು. ಒಬ್ಬರಿಗೇ ಎಂದು ಬರೆದದ್ದನ್ನೂ ಸರ್ವರು ನೋಡಿಕೊಳ್ಳುವವರು ಮನಸ್ಸು ಮಾಡಿದರೆ ಓದಬಲ್ಲರು, ಆದ್ದರಿಂದ ಗುಟ್ಟು ಅಲ್ಲಿ ಬರೆಯಬಾರದು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಖಾತೆ ಸಾಗಿಸಬಹುದು. ನಮ್ಮನ್ನು ಹಿಂಬಾಲಿಸುವವರು ಜೊತೆಗೆ ಬರುತ್ತಾರೆ, ಆದರೆ ಹಳೆಯ ಬರಹಗಳು ಬರುವುದಿಲ್ಲ. ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಧಾರವಾಡ ಬಿಟ್ಟಾಗ ನನಗಾದದ್ದೂ ಅದೇ. ನೆಂಟರು, ಗೆಳೆಯರು ಹೇಗೋ ಜೊತೆಗೆ ಉಳಿದರು. ಆ ಕಟ್ಟೆಯ ಮೇಲೆ ಆಡಿದ ಮಾತು ಅಲ್ಲೇ ಉಳಿಯಿತು.

ಯೋಚಿಸಿದಾಗ ನನಗೆ ಹೊಳೆದದ್ದು ಇದು. ಪೂರ್ತಿ ನಮ್ಮದೇ ಆದ ಮನೆ ಎಲ್ಲೂ ಇಲ್ಲ. ಇರುವ ವ್ಯತ್ಯಾಸ ಹೊರಗೆ ಹೋಗುವ ಬಾಗಿಲಿನದು. ಒಂದು ಕಡೆ ಹೊರಬಿದ್ದರೆ ಎಲ್ಲರನ್ನೂ ಕಳಕೊಳ್ಳಬೇಕು, ಇನ್ನೊಂದು ಕಡೆ ಬೀದಿ ಬದಲಿಸಿದರೂ ಮಾತಿನ ಬಳಕೆ ಉಳಿಯುತ್ತದೆ. ಆದರೆ ಅಂಥ ಮನೆಯಲ್ಲಿ ಇರುವವನಿಗೆ ಕರ್ತವ್ಯವೂ ಹೆಚ್ಚು. ಜಾಹೀರಾತಿನವರು ಬಾಡಿಗೆ ಕಟ್ಟುವ ಕಡೆ ನಾವು ಪುಕ್ಕಟೆ ಕೂರುತ್ತೇವೆ, ಅದಕ್ಕೇ ನಮ್ಮ ಮಾತು ಅಲ್ಲಿ ಸರಕಾಗುತ್ತದೆ. ಜಾಹೀರಾತಿಲ್ಲದ ಕಡೆ ಬಾಡಿಗೆ ನಾವೇ ಕೊಡಬೇಕು, ಕಸ ನಾವೇ ಗುಡಿಸಬೇಕು, ಲೆಕ್ಕ ನಾವೇ ಇಡಬೇಕು. ಪುಕ್ಕಟೆ ಸಿಗುವುದನ್ನು ಹಕ್ಕು ಎಂದು ತಿಳಿಯುವುದು ಬ್ಯಾಂಕಿನವನಿಗಂತೂ ಶೋಭಿಸುವುದಿಲ್ಲ.

ಕೊನೆಗೆ ಒಂದು ಸಣ್ಣ ಸರ್ವರು ಆರಿಸಿದೆವು. ನಿಯಮಗಳನ್ನು ಸಾಲದ ಕರಾರಿನಂತೆ ಪೂರ್ತಿ ಓದಿದ ಮೇಲೆಯೇ ಒಪ್ಪಿದೆ. ಅಣ್ಣನ ಮಗ ನಕ್ಕ. ವಾಟ್ಸಾಪ್ ಬಿಟ್ಟಿಲ್ಲ, ಮೊಮ್ಮಕ್ಕಳ ಫೋಟೊ ಬರುವುದು ಅಲ್ಲೇ. ಮಾಸ್ಟೊಡಾನಿನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 500 ಅಕ್ಷರ ಬರೆಯಬಹುದು. ನನಗೆ ಎರಡು ಸಾಲು ಸಾಕು, ಕನ್ನಡದಲ್ಲಿ. ಓದುವವರು ಸದ್ಯಕ್ಕೆ ನಾಲ್ಕೈದು ಮಂದಿ. ಸರ್ವರು ನಡೆಸುವವರಿಗೆ ತಿಂಗಳಿಗೆ ನೂರು ರೂಪಾಯಿ ಕಳಿಸುತ್ತೇನೆ. ತಿಂಗಳ ಮೊದಲ ತಾರೀಖು ಪಿಂಚಣಿ ಜಮೆಯಾಗಿದೆಯೇ ಎಂದು ನೋಡಿ, ಆಮೇಲೆ ಬರೆದದ್ದನ್ನೆಲ್ಲ ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲಿ ಇಡುತ್ತೇನೆ. ಗೆಳೆಯನ ಮಾತು ಇದರಿಂದ ಮರಳಿ ಬರುವುದಿಲ್ಲ. ಇನ್ನು ಮುಂದೆ ಯಾರಾದರೂ ನನಗೆ ಎರಡು ಸಾಲು ಬರೆದರೆ, ಅದನ್ನು ಜೋಪಾನವಾಗಿ ಇಡುವ ಜವಾಬ್ದಾರಿ ನನ್ನದು.