ಹಳೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಕಂಪ್ಯೂಟರ್ ಎರಡು ಬಗೆಯಲ್ಲಿ ಹಳತಾಗುತ್ತದೆ. ಡಿಸ್ಕು, ಬ್ಯಾಟರಿ, ಕೀಬೋರ್ಡು ಸವೆದು ಯಂತ್ರವೇ ಕೈಕೊಡುವುದು ಒಂದು ಬಗೆ. ಯಂತ್ರ ಗಟ್ಟಿಮುಟ್ಟಾಗಿದ್ದರೂ ಆಪರೇಟಿಂಗ್ ಸಿಸ್ಟಂಗೆ ಭದ್ರತಾ ಅಪ್‌ಡೇಟ್ ಬರುವುದು ನಿಂತುಹೋಗುವುದು ಇನ್ನೊಂದು. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು ಮುಗಿಯಿತು, ವಿಂಡೋಸ್ 10ರದು 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಟಿಪಿಎಂ 2.0 ಚಿಪ್ಪನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ ದಿನವೂ ದುಡಿಯುತ್ತಿದ್ದ ಕೋಟ್ಯಂತರ ಯಂತ್ರಗಳು ಏನೂ ಕೆಡದೆಯೇ ಹಳತಾದವು. ಇಲ್ಲಿ ಧರ್ಮದ ಪ್ರಶ್ನೆಯೂ ಏಳುತ್ತದೆ. ಕೆಲಸಕ್ಕೆ ಬರುವ ವಸ್ತುವಿನ ವಿಷಯದಲ್ಲಿ ಒಡೆಯನ ಹೊಣೆ ಎಷ್ಟು? ಒಳಗಿನದನ್ನೆಲ್ಲ ಬದಲಿಸಿದ ಮೇಲೆ ಉಳಿಯುವುದು ಅದೇ ವಸ್ತುವೇ?

ಕೊಯಮತ್ತೂರಿನಿಂದ ಸತ್ಯಮಂಗಲ, ಚಾಮರಾಜನಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ಅನ್ನೂರಿನ ಸೀಮೆಯಲ್ಲಿ ಈ ಪ್ರಶ್ನೆಗಳು ಮನೆಯೊಳಗಿನವೇ ಆಗಿವೆ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಆಡುವ ಒಕ್ಕಲಿಗ, ದೇವಾಂಗ ಕುಟುಂಬಗಳು ಕೊಯಮತ್ತೂರು ಜಿಲ್ಲೆಯಲ್ಲಿ ತಲೆಮಾರುಗಳಿಂದ ನೆಲೆಸಿವೆ. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರ್ 15ರಂದು ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆ, ಸರ್ಕಾರಿ ಮತ್ತು ಅನುದಾನಿತ ಶಾಲೆ ಕಾಲೇಜುಗಳ ಮಕ್ಕಳ ಕೈಯಲ್ಲಿ ಕಂಪ್ಯೂಟರನ್ನು ಹಳ್ಳಿ ಮನೆಗಳಿಗೆ ತಲುಪಿಸಿತು. ಮೊದಲ ವರ್ಷಗಳ ಯಂತ್ರಗಳಲ್ಲಿ 2 ಜಿಬಿ ರ‍್ಯಾಮ್ ಇತ್ತು. ವಿಂಡೋಸ್ 7 ಸ್ಟಾರ್ಟರ್ ಜೊತೆಗೆ, ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ರೂಪಿಸಿದ ಬಾಸ್ ಲಿನಕ್ಸ್ ಕೂಡ ಇತ್ತು. ಓದು ಮುಗಿದ ಮೇಲೆ ಇಂಥವು ಬೀರುವಿನ ಮೇಲೆ ಸೇರುವುದು ಸಾಮಾನ್ಯ. ಲ್ಯಾಪ್‌ಟಾಪಿನಿಂದ ಪರಿಸರಕ್ಕೆ ಬೀಳುವ ಇಂಗಾಲದ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಅದರ ತಯಾರಿಕೆಯಲ್ಲೇ ಮುಗಿದಿರುತ್ತದೆ. ಬೀರು ಸೇರಿದ ಯಂತ್ರ ಆ ಖರ್ಚನ್ನೆಲ್ಲ ವ್ಯರ್ಥ ಮಾಡುತ್ತದೆ.

ಕೊಟ್ಟದ್ದನ್ನು ಕಾಪಾಡಿಕೊಳ್ಳುವ ಹೊಣೆಯ ಬಗ್ಗೆ ಕನ್ನಡ ನಾಡಿನ ದಾನಶಾಸನಗಳ ನಿಲುವು ಖಚಿತವಾದುದು. ಗುಡಿಗೆ ಬಿಟ್ಟ ಭೂಮಿಯ ಆದಾಯ ಪೂಜೆ, ನೈವೇದ್ಯಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ, ಅಂದರೆ ಒಡೆದು ಬಿರುಕುಬಿಟ್ಟ ಭಾಗಗಳ ದುರಸ್ತಿಗೂ ಸಲ್ಲಬೇಕೆಂದು ಅವು ಮೊದಲೇ ನಿಗದಿಪಡಿಸುತ್ತವೆ. ದಾನಕ್ಕಿಂತ ದಾನದ ಪಾಲನೆಯೇ ಮೇಲು ಎಂಬ ಅರ್ಥದ ಶ್ಲೋಕ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಅಳತೆಗೋಲಿನಲ್ಲಿ ನೋಡಿದರೆ ಲ್ಯಾಪ್‌ಟಾಪ್ ಕೊಟ್ಟದ್ದು ಅರ್ಧ ಪುಣ್ಯ. ಅದನ್ನು ನಡೆಯುವ ಸ್ಥಿತಿಯಲ್ಲಿಡುವುದು ಉಳಿದರ್ಧ, ಮತ್ತು ಕಷ್ಟದ ಅರ್ಧ.

ಒಳಗಿನದು ಬದಲಾದರೂ ವಸ್ತು ಅದೇ ಆಗಿ ಉಳಿಯುವುದೇ ಎಂಬ ಎರಡನೆಯ ಪ್ರಶ್ನೆಗೆ ದರ್ಶನಗಳು ಹಿಡಿದ ಉದಾಹರಣೆ ಬಟ್ಟೆ ಮತ್ತು ನೂಲಿನದು. ನೇಯ್ಗೆಯೇ ಕುಲವೃತ್ತಿಯಾದ ದೇವಾಂಗರಿಗೆ ಇದಕ್ಕೆ ವಿವರಣೆ ಬೇಕಿಲ್ಲ. ನ್ಯಾಯ ವೈಶೇಷಿಕರ ಪ್ರಕಾರ ಬಟ್ಟೆ ನೂಲುಗಳಿಂದ ಬೇರೆಯಾದ ವಸ್ತು. ಒಂದೇ ಒಂದು ಎಳೆ ಕಿತ್ತರೂ ಹಳೆಯ ಬಟ್ಟೆ ನಾಶವಾಗಿ, ಉಳಿದ ಎಳೆಗಳಿಂದ ಹೊಸ ಬಟ್ಟೆ ಹುಟ್ಟುತ್ತದೆ. ಸಾಂಖ್ಯರು ಇದನ್ನು ಒಪ್ಪುವುದಿಲ್ಲ; ಕಾರ್ಯ ಕಾರಣದಲ್ಲೇ ಇರುವುದರಿಂದ ಬಟ್ಟೆ ನೂಲಿನದೇ ಇನ್ನೊಂದು ಸ್ಥಿತಿ. ಜೈನರು ದ್ರವ್ಯ ಉಳಿಯುತ್ತದೆ, ಪರ್ಯಾಯ, ಅಂದರೆ ಅದರ ಸ್ಥಿತಿ, ಬದಲಾಗುತ್ತದೆ ಎನ್ನುತ್ತಾರೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ನೈಯಾಯಿಕರ ಲೆಕ್ಕದಲ್ಲಿ ಬೇರೆಯೇ ಯಂತ್ರ. ಆದರೆ ಮನೆಯವರು ಅದನ್ನು ‘ಮಗಳ ಲ್ಯಾಪ್‌ಟಾಪ್’ ಎಂದೇ ಕರೆಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಬಳಕೆಯ ವಸ್ತುವಿನ ಮಟ್ಟಿಗೆ ಜೈನರ ಉತ್ತರವೇ ಹೆಚ್ಚು ಹೊಂದುತ್ತದೆ: ಬದಲಾವಣೆಯೂ ನಿಜ, ನಿರಂತರತೆಯೂ ನಿಜ.

ಆಗಮಗಳು ಇದೇ ವಿಷಯವನ್ನು ವಿಧಿಯಾಗಿ ಹೇಳುತ್ತವೆ. ಅನ್ನೂರಿನ ಮನ್ನೀಶ್ವರ ದೇಗುಲದಂಥ ಕೊಂಗುನಾಡಿನ ಶಿವಾಲಯಗಳಲ್ಲಿ ಸುಮಾರು 12 ವರ್ಷಕ್ಕೊಮ್ಮೆ ಜೀರ್ಣೋದ್ಧಾರ, ಕುಂಭಾಭಿಷೇಕ ನಡೆಸುವುದು ರೂಢಿ. ಕೆಲಸ ಹಿಡಿಯುವ ಮೊದಲು ದೇವರ ಶಕ್ತಿಯನ್ನು ಕಲಶಕ್ಕೆ ಆವಾಹಿಸಿ ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜಿಸುತ್ತಾರೆ. ಸಣ್ಣ ಅಂಗ ಭಿನ್ನವಾದರೆ ಸರಿಪಡಿಸಬಹುದು, ಮುಖ್ಯ ಅಂಗವೇ ಭಿನ್ನವಾದರೆ ಮೂರ್ತಿಯನ್ನು ಬಿಟ್ಟು ಹೊಸದನ್ನು ಪ್ರತಿಷ್ಠಾಪಿಸಬೇಕು ಎಂಬುದು ಶಿಲ್ಪಶಾಸ್ತ್ರದ ಸಾಮಾನ್ಯ ನಿಲುವು. ಕಂಪ್ಯೂಟರಿನಲ್ಲೂ ಕ್ರಮ ಇದೇ: ಫೋಟೊ, ಕಡತಗಳನ್ನೆಲ್ಲ ಮೊದಲು ಹೊರಗಿನ ಡಿಸ್ಕಿಗೆ ತೆಗೆದಿಡಬೇಕು, ಆಮೇಲೆ ಯಾವ ಅಂಗ ಕೆಟ್ಟಿದೆ ಎಂದು ನೋಡಬೇಕು. ಡಿಸ್ಕು, ರ‍್ಯಾಮ್, ಬ್ಯಾಟರಿ ಬದಲಿಸಬಹುದಾದವು. ಮದರ್‌ಬೋರ್ಡ್ ಹೋಗಿದ್ದರೆ ದುರಸ್ತಿಗೆ ಅರ್ಥವಿಲ್ಲ.

ಹೊಸ ಆಪರೇಟಿಂಗ್ ಸಿಸ್ಟಂನ ಆಯ್ಕೆಯಲ್ಲಿ ಮೊದಲು ತಿಳಿಯಬೇಕಾದದ್ದು ಪ್ರೊಸೆಸರ್ 64 ಬಿಟ್ಟಿನದೋ 32 ಬಿಟ್ಟಿನದೋ ಎಂಬುದು. ವಿಂಡೋಸ್ 7 ಸ್ಟಾರ್ಟರ್ 32 ಬಿಟ್‌ನಲ್ಲಿ ಮಾತ್ರ ಇತ್ತು. ಅದನ್ನು ನೋಡಿ ಯಂತ್ರವೂ ಹಾಗೇ ಎಂದು ತೀರ್ಮಾನಿಸುವುದು ದುಡುಕು. ಪೆನ್‌ಡ್ರೈವ್‌ನಿಂದ ಯಾವುದಾದರೂ ಲಿನಕ್ಸ್ ಚಾಲೂ ಮಾಡಿ, ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂಬ ಆದೇಶ ಕೊಟ್ಟರೆ ನಿಜ ತಿಳಿಯುತ್ತದೆ. ವೈಫೈ, ಧ್ವನಿ, ಪ್ರಿಂಟರ್ ನಡೆಯುತ್ತವೆಯೇ ಎಂಬುದನ್ನೂ ಡಿಸ್ಕ್ ಮುಟ್ಟದೆ ಆಗಲೇ ನೋಡಿಕೊಳ್ಳಬಹುದು. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ ನಡೆಯುತ್ತದೆ. 2 ಜಿಬಿ ಆದರೆ ಲುಬುಂಟು ಅಥವಾ ಆಂಟಿಎಕ್ಸ್. 32 ಬಿಟ್ ಯಂತ್ರಗಳಿಗೆ ದಾರಿ ಕಿರಿದಾಗುತ್ತಿದೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿದೆ. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದರೆ ಹಳೆಯ ಯಂತ್ರಕ್ಕೆ ಸಿಗುವ ವೇಗ ಇನ್ನಾವ ಬದಲಾವಣೆಯಿಂದಲೂ ಸಿಗದು. ಕನ್ನಡಕ್ಕೂ ಕೊರತೆಯಿಲ್ಲ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಫಾಂಟುಗಳಿವೆ, ಐಬಸ್ ಎಂಬ ತಂತ್ರಾಂಶದ ಮೂಲಕ ಕೆಜಿಪಿ ಕೀಬೋರ್ಡ್ ವಿನ್ಯಾಸದಲ್ಲೇ ಟೈಪ್ ಮಾಡಬಹುದು.

ಎಲ್ಲರಿಗೂ ಒಂದೇ ದಾರಿ ಹೊಂದದು ಎಂಬ ಅಧಿಕಾರಿಭೇದದ ತತ್ವವನ್ನು ಇಲ್ಲಿ ಮರೆಯಬಾರದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ನೂಲಿನ ವ್ಯಾಪಾರಿಗೆ ವಿಂಡೋಸ್ ಬೇಕೇ ಬೇಕು. ಅವರಿಗೆ ಲಿನಕ್ಸ್ ಹೇರುವುದು ನ್ಯಾಯವಲ್ಲ. ಓದಲು, ಪತ್ರ ಬರೆಯಲು, ಜಿಎಸ್‌ಟಿ ಪೋರ್ಟಲ್ ನೋಡಲು ಬ್ರೌಸರ್ ಸಾಕಾಗುವವರಿಗೆ ಲಿನಕ್ಸ್ ಸಾಲುತ್ತದೆ.

ಪಾಲನೆಗೂ ಮೋಹಕ್ಕೂ ನಡುವೆ ಗೆರೆಯಿದೆ. ಅಪ್‌ಡೇಟ್ ನಿಂತ ವಿಂಡೋಸ್ 7ನ್ನು ಹಾಗೇ ಇಟ್ಟುಕೊಂಡು ಬ್ಯಾಂಕ್ ವ್ಯವಹಾರ ಮಾಡುವುದು ಪಾಲನೆಯಲ್ಲ. ಸೋಂಕು ತಗುಲಿದ ಯಂತ್ರ ಒಡೆಯನ ಹಣಕ್ಕೂ ಜಾಲದಲ್ಲಿರುವ ಇತರರ ಯಂತ್ರಗಳಿಗೂ ಕೇಡು ತರುತ್ತದೆ; ಅಹಿಂಸೆಯ ವಿಚಾರ ಇಲ್ಲಿಯೂ ಅನ್ವಯಿಸುತ್ತದೆ. ಸರಿಪಡಿಸಲಾಗದ ಯಂತ್ರವನ್ನು ಬಿಡುವುದಕ್ಕೂ ಕ್ರಮವಿದೆ. ಭಿನ್ನವಾದ ಮೂರ್ತಿಯನ್ನು ಆಳದ ನೀರಿನಲ್ಲಿ ವಿಸರ್ಜಿಸುವ ಸಂಪ್ರದಾಯವಿದೆ, ಆದರೆ ಸೀಸವೂ ಲಿಥಿಯಂ ಬ್ಯಾಟರಿಯೂ ಇರುವ ಕಂಪ್ಯೂಟರನ್ನು ಕೆರೆಗಾಗಲಿ ಕಸದ ಗುಂಡಿಗಾಗಲಿ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಡಿಸ್ಕನ್ನು ಮಾತ್ರ ಮೊದಲೇ ಪೂರ್ತಿ ಅಳಿಸಬೇಕು. ರ‍್ಯಾಮ್, ಪರದೆ, ಚಾರ್ಜರ್‌ಗಳು ಸರಿಯಿದ್ದರೆ ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಬಿಡಿಭಾಗಗಳಾಗಿ ಸಲ್ಲುತ್ತವೆ.